ಗೋಡೆಯ ಮೇಲೆ ಬರೀ ಕಸ್ತಾಲ್ದೋ

ಎರ್ಸೀಲಿಯಾಗೆ ಊರವರನ್ನು ಕಂಡರೆ ಮೈಯೆಲ್ಲ ಉರಿ. ಬೆನೆವೆಂತೋ ಸೀಮೆಯ ಆ ಗುಡ್ಡದೂರಿನಲ್ಲಿ ಅರ್ಧಕ್ಕರ್ಧ ಮನೆಗಳದು ಕಸ್ತಾಲ್ದೋ ಎಂಬ ಒಂದೇ ಕುಲನಾಮ. ಗುರುತಿಗೆಂದು ಮನೆಗೊಂದು ಅಡ್ಡಹೆಸರು. ಅವಳ ಮನೆಗೆ ಅಂಟಿದ್ದು ‘ತೌಡುತಿನ್ನಿ’. ಶಾಲೆಯ ದಾರಿಯಲ್ಲಿ ಹುಡುಗರು ಹಂದಿಯಂತೆ ಗುರುಗುಟ್ಟಿದ್ದನ್ನು ಅರವತ್ತು ದಾಟಿದರೂ ಅವಳು ಮರೆತಿರಲಿಲ್ಲ. ನೋಡಲು ಬಂದ ಗಂಡು ಆ ಹೆಸರು ಕೇಳಿ ನಕ್ಕ ಎಂದು ಅವನನ್ನು ಬಾಗಿಲಿಂದಲೇ ಅಟ್ಟಿದವಳು ಮತ್ತೆ ಮದುವೆಯ ಮಾತೆತ್ತಲಿಲ್ಲ. ಅಣ್ಣ ದೊನಾತೊ ಮಾತ್ರ ಆ ಹೆಸರಿಗೆ ನಗುನಗುತ್ತ ಓಗೊಡುತ್ತಿದ್ದ. ಅದಕ್ಕೆ ಅವನ ಮೇಲೂ ಸಿಟ್ಟು.

ಒಮ್ಮೆ ಹಳೆಯ ಮೇಷ್ಟ್ರು ಹೇಳಿದರು: “ಕಸ್ತಾಲ್ದೋ ಅಂದ್ರೆ ಸಾಮಾನ್ಯ ಹೆಸರಲ್ಲಮ್ಮ. ಉತ್ತರದಿಂದ ಬಂದು ಇಲ್ಲಿ ಆಳಿದ್ರಲ್ಲ ಲೊಂಗೋಬಾರ್ಡರು, ಅವರ ಜರ್ಮನ್ ಕಡೆಯ ಮಾತು. ರಾಜನ ಜಮೀನು ನೋಡ್ಕೊಳ್ಳೋ ಅಧಿಕಾರಿಗೆ ಗಸ್ತಾಲ್ದ್ ಅಂತಿದ್ರು.” ಅಂದಿನಿಂದ ಅವಳ ಕತ್ತು ಬಾಗಲಿಲ್ಲ.

ಮಾರ್ಚಿನಲ್ಲಿ ದೊನಾತೊ ತೀರಿಕೊಂಡ. ಅಲ್ಲಿ ಸಾವಿನ ಸುದ್ದಿಯನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಬೇಕು, ಅಡ್ಡಹೆಸರು ಸಮೇತ. ಎರ್ಸೀಲಿಯಾ ಅಡ್ಡಹೆಸರು ತೆಗೆಸಿದಳು. ‘ದೊನಾತೊ ಕಸ್ತಾಲ್ದೋ, ರಾಜಾಧಿಕಾರಿಗಳ ಪುರಾತನ ಮನೆತನ’ ಎಂದು ದಪ್ಪಕ್ಷರದಲ್ಲಿ ಹಾಕಿಸಿದಳು.

ಮರುದಿನ ಇಗರ್ಜಿಯ ಬಾಗಿಲಲ್ಲಿ ಶವಪೆಟ್ಟಿಗೆ, ಪಾದ್ರಿ ಮತ್ತು ಅವಳು. ಸ್ಮಶಾನಕ್ಕೆ ಮೆಟ್ಟಿಲು ದಾರಿ, ಹೆಗಲೇ ಗತಿ. ಗಂಡಸರೆಲ್ಲ ಎದುರಿನ ಕಾಫಿ ಅಂಗಡಿಯ ಮುಂದೆ ಟೋಪಿ ಕೂಡ ತೆಗೆಯದೆ ಕೂತಿದ್ದರು.

“ಯಾರಕ್ಕ ಹೋಗಿದ್ದು? ಗೋಡೆ ನೋಡಿದ್ರೆ ಯಾರೋ ದೊಡ್ಡೋರು,” ಎಂದ ಕ್ಷೌರದ ಫಿಯೊರೆ.

“ಕಣ್ಣು ಕಾಣಲ್ವೇನೋ? ನಮ್ಮಣ್ಣ! ಬಂದು ಹೆಗಲು ಕೊಡಿ.”

“ರಾಜನ ಅಧಿಕಾರಿಗೆ ರಾಜನ ಆಳುಗಳೇ ಕೊಡ್ಲಿ. ನಮ್ಮೋರ ಗೋಧಿ ಅಳೆದ್ಕೊಂಡು ಹೋಗ್ತಿದ್ದೋನು ತಾನೇ ಅವನು? ಅವನ ಕತ್ತೆ ಮೇಯಿಸಿದೋನಿಗೂ ಅದೇ ಹೆಸರು ಬಿತ್ತು. ನಾನೂ ಕಸ್ತಾಲ್ದೋನೇ, ಏನಿವಾಗ?”

“ಥೂ ನಿನ್ನ!”

“ನಿಮ್ಮಜ್ಜ ಬರಗಾಲದಲ್ಲಿ ಹಿಟ್ಟೆಲ್ಲ ಈ ಬೀದಿಗೆ ಹಂಚಿ ತಾನು ತೌಡು ತಿಂದ. ದೊನಾತೊಗೆ ಅದು ಗೊತ್ತಿತ್ತು. ಆ ಹೆಸರು ಅಳಿಸೋಕೆ ನೀನ್ಯಾರು?”

“ಹಾಗಾದ್ರೆ ನನ್ನ ಹಿಂದೆ ಗುರುಗುಟ್ಟಿದ್ದು ಯಾಕೆ? ನೀನೇ ಅಲ್ವೇನೋ ಮುಂದಿದ್ದೋನು?”

ಫಿಯೊರೆ ನೆಲ ನೋಡಿದ. “ನಾನೇ,” ಎಂದ. ಆದರೂ ಏಳಲಿಲ್ಲ.

ಪಾದ್ರಿ ಗಡಿಯಾರ ನೋಡಿದರು. ಎರ್ಸೀಲಿಯಾ ಪೆಟ್ಟಿಗೆಯ ಒಂದು ಮೂಲೆ ಹಿಡಿದು ಎತ್ತಲು ನೋಡಿದಳು. ಅದು ಅಲುಗಲಿಲ್ಲ. ಆ ಹೆಸರು ಹೇಳುವುದಕ್ಕಿಂತ ನಾಲಿಗೆ ಕಚ್ಚಿಕೊಂಡು ಸಾಯಬಹುದಿತ್ತು. ಅಣ್ಣನನ್ನು ಬೀದಿಯಲ್ಲಿ ಬಿಟ್ಟು ಸಾಯುವಂತಿರಲಿಲ್ಲ.

“ತೌಡುತಿನ್ನಿ ದೊನಾತೊ ಸತ್ತಿದ್ದಾನೆ!” ಎಂದು ಚೌಕವೆಲ್ಲ ಕೇಳುವಂತೆ ಕೂಗಿದಳು. “ಬಂದು ಹೊರ್ರೋ, ನಿಮ್ಮ ಬಾಯಿಗೆ ಮಣ್ಣು ಬೀಳ!”

ಟೋಪಿಗಳು ಇಳಿದವು. ಇಡೀ ಬೆಂಚೇ ಎದ್ದಿತು. ಹೆಗಲಿಗೆ ಹೆಗಲು ಬದಲಾಯಿಸುತ್ತ ಊರಿಗೆ ಊರೇ ಅವನನ್ನು ಮೇಲಕ್ಕೆ ಹೊತ್ತಿತು. ಹಿಂದೆ ಎರ್ಸೀಲಿಯಾ ಒಬ್ಬೊಬ್ಬರನ್ನೂ ಹೆಸರು ಹಿಡಿದು ಶಪಿಸುತ್ತ ಹತ್ತಿದಳು.

ಮಣ್ಣು ಮುಚ್ಚಿದ ಮೇಲೆ ಫಿಯೊರೆ ಹತ್ತಿರ ಬಂದ. “ಅಕ್ಕ, ತಪ್ಪಾಯ್ತು.”

“ನಾನು ಸತ್ತಾಗ ನೀನು ಬರಕೂಡದು,” ಎಂದಳು. “ಬೇರೆಯೋರು ಬರ್ಲಿ.”