ಆಯುಧಪೂಜೆಯ ದಿನದ ಡಿಸ್ಕ್ ಬ್ರೇಕು

ಕೋವಿಡ್ ಮುಗಿದು ಎರಡು ವರ್ಷವಾಗಿತ್ತು. ನಾನು ಆಗ ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡಿನ ಹಿಂಬೀದಿಯೊಂದರ ಮೋಟಾರ್‌ಸೈಕಲ್ ವರ್ಕ್‌ಶಾಪಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ದಾವಣಗೆರೆಯಲ್ಲಿ ಅಪ್ಪನ ಗ್ಯಾರೇಜಿನಲ್ಲಿ ಇದೇ ಕೆಲಸ ಮಾಡುವಾಗ ಜನ ನನ್ನನ್ನು ಮೆಕ್ಯಾನಿಕ್ ಇಮ್ರಾನ್ ಎನ್ನುತ್ತಿದ್ದರು. ಟೆಕ್ನಿಷಿಯನ್ ಎಂಬುದು ಸಮುದ್ರ ದಾಟಿದ್ದಕ್ಕೆ ಸಿಕ್ಕ ಬಡ್ತಿ, ಅಷ್ಟೆ. ಸ್ಪ್ಯಾನರಿಗಿಂತ ಬಾಯಿ ಚುರುಕು ಎಂಬ ಅಪವಾದ ಮಾತ್ರ ಎರಡೂ ಕಡೆ ಇತ್ತು. ಮಾಲೀಕ ಡೆರೆಕ್ ಅರ್ಧ ವಾಕ್ಯವನ್ನು ಮೂಗಿನಲ್ಲೇ ಉಳಿಸಿಕೊಂಡು ಮಾತಾಡುವುದು, ಗಿರಾಕಿಗಳು ಎಂಜಿನ್ನಿನ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುವುದು, ಇವೆಲ್ಲವನ್ನೂ ನಾನು ಅವರೆದುರೇ ಅಣಕಿಸುತ್ತಿದ್ದೆ. ನನ್ನ ಇಂಗ್ಲಿಷನ್ನು ಅಣಕಿಸಲು ಮಾತ್ರ ಅವರಿಗೆ ಕಷ್ಟವಾಗುತ್ತಿತ್ತು. ಅದು ಮೊದಲೇ ಅಣಕದಂತಿತ್ತು.

ನಮ್ಮ ಗಿರಾಕಿಗಳಲ್ಲಿ ಕನ್ನಡದವರು ಒಬ್ಬರೇ. ಧಾರವಾಡದ ಡಾಕ್ಟರ್ ಮಾಲತಿ. ಡಿಡ್ಸ್‌ಬರಿಯಲ್ಲಿ ಮನೆ, ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞೆ. ಡ್ಯೂಟಿ ಪಟ್ಟಿಯಲ್ಲಿ ರಜೆ ಸಿಕ್ಕಿದ ದಿನ ಹೆಲ್ಮೆಟ್ ಹಾಕಿಕೊಂಡು ಬೆಟ್ಟದ ಕಡೆ ಹೊರಟುಬಿಡುವ ಹೆಂಗಸು. ಅವರಲ್ಲಿದ್ದದ್ದು ಅವರಿಗಿಂತ ವಯಸ್ಸಾದ ಒಂದು ಕ್ಲಾಸಿಕ್ ಬೈಕು, ಎರಡೂ ಚಕ್ರಕ್ಕೆ ಡ್ರಮ್ ಬ್ರೇಕು.

ಡ್ರಮ್ ಎಂದರೆ ಚಕ್ರದ ನಡುವೆ ಮುಚ್ಚಿದ ಡಬ್ಬಿಯಿದ್ದಂತೆ. ಬ್ರೇಕ್ ಹಿಡಿದಾಗ ಒಳಗಿನ ಶೂ ಎನ್ನುವ ಎರಡು ಕಮಾನಿನಂಥ ತುಂಡುಗಳು ಅಗಲಗೊಂಡು ಡಬ್ಬಿಯ ಒಳಗೋಡೆಯನ್ನು ಒತ್ತುತ್ತವೆ. ಉದ್ದನೆಯ ಇಳಿಜಾರಿನಲ್ಲಿ ಹಿಡಿಯುತ್ತಲೇ ಬಂದರೆ ಒಳಗಿನ ಬಿಸಿಗೆ ಹೊರದಾರಿ ಇಲ್ಲದೆ ಹಿಡಿತ ಕರಗುತ್ತ ಹೋಗುತ್ತದೆ. ಡಿಸ್ಕಿನದು ಬೇರೆ ಲೆಕ್ಕ. ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆಯೊಂದು ಗಾಳಿಗೆ ತೆರೆದೇ ಇರುತ್ತದೆ. ಎರಡು ಪ್ಯಾಡ್‌ಗಳು ಅದನ್ನು ಆಚೀಚೆಯಿಂದ ಚಿವುಟಿ ನಿಲ್ಲಿಸುತ್ತವೆ. ಬಿಸಿ ಬೇಗ ಆರುತ್ತದೆ, ಹಿಡಿತ ಉಳಿಯುತ್ತದೆ.

ಇದನ್ನೆಲ್ಲ ಹೇಳಿ, ನೋಡಲು ಹಳೆಯದರಂತೆಯೇ ಇರುವ, ಹಿಂದೆ ಮುಂದೆ ಎರಡೂ ಡಿಸ್ಕ್ ಇರುವ ಹೊಸ ರೆಟ್ರೋ ಬೈಕೊಂದನ್ನು ಅವರಿಂದ ಕೊಳ್ಳಿಸಿದವನು ನಾನೇ. ಡೆರೆಕ್‌ಗೆ ಅದು ಸರಿಬರಲಿಲ್ಲ. ಅವನ ಪ್ರಕಾರ ಡಿಸ್ಕ್ ಇರುವ ರೆಟ್ರೋ ಬೈಕು ವಿಗ್ ಹಾಕಿಕೊಂಡ ಮುದುಕನಂತೆ. ಅವನೂ ವಿಗ್ ಹಾಕುತ್ತಿದ್ದ, ಆದ್ದರಿಂದ ನಾನು ಉತ್ತರ ಕೊಡಲಿಲ್ಲ.

ಗಾಡಿ ಕೈಗೆ ಕೊಡುವಾಗ ಮಾಲತಿಯವರಿಗೆ ನಿಯಮದಂತೆ ಒಂದು ಮಾತು ಹೇಳಿದೆ. "ಹೊಸ ಪ್ಯಾಡು, ಡಾಕ್ಟ್ರೇ. ಡಿಸ್ಕಿಗೆ ಉಜ್ಜಿ ಹೊಂದಿಕೊಳ್ಳೋವರೆಗೆ ಅಷ್ಟಾಗಿ ಹಿಡಿಯಲ್ಲ. ಗಾಬರಿ ಆಗಬೇಡಿ."

"ನಾನು ಗಾಬರಿ ಆಗೋದಿಲ್ಲಪ್ಪ. ಗಾಬರಿ ಆಗೋರನ್ನ ಮಲಗಿಸೋದೇ ನನ್ನ ಕೆಲಸ," ಎಂದು ನಕ್ಕು ಹೋದರು.

ಅದೇ ವಾರ ಆಯುಧಪೂಜೆ. ಅವರ ತಾಯಿ ಶಾಂತಕ್ಕ ಧಾರವಾಡದಿಂದ ಬಂದಿದ್ದರು. ಮಧ್ಯಾಹ್ನ ವರ್ಕ್‌ಶಾಪಿನ ಫೋನಿಗೆ ಅವರೇ ಕರೆ ಮಾಡಿದರು. ಹಿಂದೆ ಎರಡು ಸಲ ಮಾತಾಡಿದ್ದೆವು. ಅವರ ಧಾಟಿಯಲ್ಲೇ ಶುರು ಮಾಡಿದೆ.

"ಏನ್ರೀ ಅಮ್ಮಾರ, ಆರಾಮದೀರೇನ್ರೀ?"

"ನನ್ನ ಅಣಕಸಬ್ಯಾಡಲೇ, ಭಾಡ್ಯಾ. ಮಾಲತಿ ಬಂದಳೇನು? ಬಕ್ಸ್‌ಟನ್ನಿನ್ಯಾಗ ಗೆಳತಿಗೆ ಹೋಳಿಗಿ ಕೊಟ್ಟು, ಗುಡ್ಡದ ಮ್ಯಾಲಿಂದ ಇಳದು ನಿನ್ನ ಕಡೆ ಬರತೇನಂತ ಹೇಳಿ ಹೋಗ್ಯಾಳ."

"ಇನ್ನೂ ಬಂದಿಲ್ರೀ. ಗಾಡಿ ಪೂಜಿ ಛಲೋ ಆತೇನ್ರೀ?"

"ಆತಪಾ. ಹಳೇ ಗಾಡಿಗೆ ಎಲ್ಲಾ ಮುಚ್ಚಿಟ್ಟಿದ್ದರು. ಇದಕ್ಕ ಗಾಲಿಯಾಗ ಎರಡು ಬೆಳ್ಳಿ ತಾಟಿನಂಥಾವು ಅದಾವಲ್ಲ, ಬರೇ ಅರಿಶಿಣ ನಿಲ್ಲಲೇ ಇಲ್ಲ. ಕೊಬ್ಬರಿ ಎಣ್ಣಿಯೊಳಗ ಕಲಸಿ ಹಚ್ಚಿದೆ. ಆಮ್ಯಾಲೆ ಮಗಳು ಗದರಸ್ತಾಳಂತ ಅರಿವಿಲೆ ಚೆಂದಾಗಿ ಒರಸೀನಿ. ಈಗ ನೋಡಬೇಕು ನೀ, ಕನ್ನಡಿ ಆಗ್ಯಾವ."

ನನ್ನ ಬಾಯಿಂದ ಧಾರವಾಡ ಹಾರಿಹೋಯಿತು. "ಅಮ್ಮಾ, ಎರಡಕ್ಕೂ ಹಚ್ಚಿದ್ರಾ?"

"ಒಂದಕ್ಕ ಹಚ್ಚಿ ಒಂದಕ್ಕ ಬಿಡಾಕ ಬರತದೇನು?"

ಡಿಸ್ಕಿನ ಮೇಲೆ ಎಣ್ಣೆಯ ಬೆರಳಚ್ಚು ಬಿದ್ದರೂ ನಾವು ದ್ರಾವಕ ಹಾಕಿ ತೊಳೆಯುತ್ತೇವೆ. ಒರೆಸಿದ ಎಣ್ಣೆ ಹೋಗುವುದಿಲ್ಲ, ತಟ್ಟೆಯ ತುಂಬ ಹರಡುತ್ತದೆ. ಪ್ಯಾಡ್ ಅದನ್ನು ಹೀರಿಕೊಂಡ ಮೇಲೆ ಬ್ರೇಕ್ ಲಿವರ್ ಕೈಗೆ ಗಟ್ಟಿಯಾಗಿಯೇ ಸಿಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಅಪ್ಪನ ಗ್ಯಾರೇಜಿನಲ್ಲೂ ಆಯುಧಪೂಜೆಗೆ ಸಾಲುಗಟ್ಟಿ ಗಾಡಿಗಳು ನಿಲ್ಲುತ್ತಿದ್ದವು. ಕುಂಕುಮದ ತಟ್ಟೆ ಹಿಡಿದು ಬಂದವರಿಗೆ ಅಪ್ಪ ಹೆಡ್‌ಲೈಟು, ಟ್ಯಾಂಕು ತೋರಿಸುತ್ತಿದ್ದರು. ಚಕ್ರದ ಹತ್ತಿರ ಹೋಗದಂತೆ ತಡೆಯುವ ಪ್ರಮೇಯ ಬಂದದ್ದಿಲ್ಲ. ಆಗ ಬಂದ ಗಾಡಿಗಳಿಗೆಲ್ಲ ಡ್ರಮ್ಮೇ ಇತ್ತು.

ಎಣ್ಣೆಗಿಂತ ಹೆಚ್ಚು ಹೆದರಿಸಿದ್ದು ನನ್ನದೇ ಮಾತು. ಡಿಡ್ಸ್‌ಬರಿಯಿಂದ ಬಕ್ಸ್‌ಟನ್‌ವರೆಗೆ ಹೆಚ್ಚಿನದು ಏರು, ಬ್ರೇಕಿಗೆ ಅಷ್ಟು ಕೆಲಸವಿಲ್ಲ. ಬ್ರೇಕ್ ಹಿಡಿಯದಿದ್ದರೆ ಬೇರೆಯವರು ಅಲ್ಲೇ ಗಾಡಿ ನಿಲ್ಲಿಸಿ ಫೋನ್ ಮಾಡುತ್ತಿದ್ದರು. ಇವರು ಮಾಡುವುದಿಲ್ಲ. ಹಿಡಿಯದಿದ್ದರೆ ಗಾಬರಿಯಾಗಬೇಡಿ ಎಂದು ನಾನೇ ಹೇಳಿ ಕಳಿಸಿದ್ದೆ.

ಶಾಂತಕ್ಕನಿಗೆ ಆಮೇಲೆ ಮಾಡುತ್ತೇನೆಂದು ಫೋನಿಟ್ಟು ಮಾಲತಿಯವರಿಗೆ ಮಾಡಿದೆ. ರಿಂಗೇ ಆಗಲಿಲ್ಲ. ಆ ಬೆಟ್ಟದ ಮೇಲೆ ಸಿಗ್ನಲ್ ಸಿಗುವುದು ಕುರಿಗಳಿಗೆ ಮಾತ್ರ. ಡೆರೆಕ್‌ಗೆ ವಿಷಯ ಹೇಳಿದೆ. ಅವನು ಮೂಗಿನಲ್ಲಿ ಏನನ್ನೂ ಉಳಿಸಿಕೊಳ್ಳಲಿಲ್ಲ. ವ್ಯಾನಿನ ಕೀ ಎಸೆದು, "ಹೋಗು. ಕೆಳಗಡೆಯ ತಿರುವುಗಳಲ್ಲಿ ರಸ್ತೆಬದಿಯ ಗೋಡೆಯಾಚೆಗೂ ನೋಡು," ಎಂದ.

ಆ ಎರಡನೆಯ ವಾಕ್ಯ ಅವನು ಹೇಳಬಾರದಿತ್ತು.

ರಸ್ತೆ ಊರು ಬಿಟ್ಟ ಕೂಡಲೇ ಏರುತ್ತದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಮೊಣಕಾಲೆತ್ತರದ ಕಲ್ಲುಗೋಡೆ, ಅದರಾಚೆ ಕೊರಕಲು. ತುಂತುರು ಬೇರೆ. ಎದುರಿಂದ ಬೈಕು ಬಂದಾಗಲೆಲ್ಲ ವೇಗ ಇಳಿಸಿ ನೋಡುತ್ತಿದ್ದೆ, ಅವರಲ್ಲ. ಪ್ರತಿ ತಿರುವಿನಲ್ಲಿ ಗೋಡೆ ನೋಡುತ್ತಿದ್ದೆ. ಒಂದು ಕಡೆ ಕಲ್ಲುಗಳು ಉರುಳಿ ಹುಲ್ಲಿನ ಮೇಲೆ ಬಿದ್ದಿದ್ದವು. ವ್ಯಾನ್ ನಿಲ್ಲಿಸಿ ಇಳಿದೆ. ಕಲ್ಲಿನ ಮೇಲೆ ಪಾಚಿ ಕಟ್ಟಿತ್ತು, ಎಂದೋ ಬಿದ್ದದ್ದು. ಆದರೂ ಬಗ್ಗಿ ಕೊರಕಲನ್ನು ನೋಡಿದೆ. ಮತ್ತೆ ವ್ಯಾನ್ ಹತ್ತುವಾಗ ಗೇರು ಯಾವ ಕಡೆ ಎಂಬುದೇ ಮರೆತಂತಾಯಿತು.

ಇನ್ನಷ್ಟು ಮೇಲೆ ರಸ್ತೆಯಿಂದ ಹೊಲವೊಂದಕ್ಕೆ ಕವಲು ಏರಿ ಹೋಗುತ್ತದೆ. ಅದರ ಗೇಟಿನ ಮುಂದೆ ಬೈಕು ಸ್ಟ್ಯಾಂಡ್ ಹಾಕಿ ನಿಂತಿತ್ತು. ಮಾಲತಿ ಗೇಟಿಗೆ ಒರಗಿ ಹೋಳಿಗೆ ತಿನ್ನುತ್ತಿದ್ದರು. ಹೂರಣ ಜಾಕೆಟ್ಟಿನ ಮೇಲೆಲ್ಲ ಉದುರಿತ್ತು.

"ಬಂದ್ಯಾ?" ಎಂದರು. "ನಿನ್ನ ಡಿಸ್ಕು ಸತ್ತಿದೆ, ಮಾರಾಯ. ಲಿವರ್ ಗಟ್ಟಿ ಇದೆ, ಗಾಡಿ ನಿಲ್ತಿಲ್ಲ. ಹೊಸದರಲ್ಲಿ ಹೀಗೇ ಅಂದಿದ್ಯಲ್ಲ, ಅಂತ ಬೆಟ್ಟದ ತುದಿ ತನಕ ನಂಬಿದೆ."

"ಇಲ್ಲೀವರೆಗೆ ಹೇಗೆ ಇಳಿದ್ರಿ?"

"ಫಸ್ಟ್ ಗೇರಲ್ಲಿ. ಎಂಜಿನ್ನೇ ಹಿಡಿದುಕೊಂಡು ಬಂತು. ಹಿಂದಿನ ಲಾರಿಯವನು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾದ. ಈ ಏರುದಾರಿ ಕಂಡಿತು, ತಿರುಗಿಸಿದೆ, ತಾನೇ ನಿಂತಿತು. ಹಳೇದರಲ್ಲಿ ಯಾವತ್ತೂ ಹಾಗೇ ಇಳೀತಿದ್ದೆ. ಆ ಬ್ರೇಕನ್ನ ಯಾರು ನಂಬ್ತಾರೆ?"

ಡ್ರಮ್ಮಿನ ದೋಷಗಳನ್ನು ಬೆರಳು ಮಡಿಸಿ ಎಣಿಸಿದ್ದವನು ನಾನು. ಆ ದೋಷಗಳೇ ಅವರಿಗೆ ಕಲಿಸಿದ್ದ ಅಭ್ಯಾಸ ನನ್ನ ಎಣಿಕೆಯಲ್ಲಿ ಇರಲಿಲ್ಲ.

ಡಿಸ್ಕಿನ ಮೇಲೆ ಬೆರಳಾಡಿಸಿ ಅವರ ಮೂಗಿನ ಮುಂದೆ ಹಿಡಿದೆ. ಕೊಬ್ಬರಿ ಎಣ್ಣೆಯ ವಾಸನೆ ಅವರಿಗೆ ಕೂಡಲೇ ಗೊತ್ತಾಯಿತು. "ಅವ್ವಗ ಹೇಳಬ್ಯಾಡ," ಎಂದರು. ನನ್ನೊಡನೆ ಅವರು ಧಾರವಾಡದ ಮಾತಾಡಿದ್ದು ಅದೇ ಮೊದಲು. "ಆಕಿ ತಡಕೊಳ್ಳಂಗಿಲ್ಲ."

ಬೈಕನ್ನು ವ್ಯಾನಿಗೇರಿಸಿ ತಂದೆವು. ಡಿಸ್ಕ್ ತೊಳೆದೆ, ಪ್ಯಾಡ್ ತೊಳೆದು ಉಪಯೋಗವಿಲ್ಲ, ಹೊಸದು ಹಾಕಿದೆ. ಕೆಲಸ ಮಾಡುವಷ್ಟು ಹೊತ್ತೂ ಅದೇ ಯೋಚನೆ. ಹೇಳದೆ ಬಿಟ್ಟರೆ ಶಾಂತಕ್ಕ ಮುಂದಿನ ವರ್ಷವೂ ಹಚ್ಚುತ್ತಾರೆ, ಇನ್ನೂ ಭಕ್ತಿಯಿಂದ ಒರೆಸುತ್ತಾರೆ. ಮಾಲತಿಯವರಿಗೆ ಅದನ್ನೇ ಹೇಳಿದೆ. ಅವರು ತಲೆ ತಗ್ಗಿಸಿ, "ನೀನೇ ಹೇಳು, ನನ್ನ ಕೈಲಾಗಲ್ಲ," ಎಂದರು.

ಆ ಭಾನುವಾರ ಡಿಡ್ಸ್‌ಬರಿಗೆ ಹೋಗಿ ಶಾಂತಕ್ಕನನ್ನು ಬೈಕಿನ ಪಕ್ಕ ಸಣ್ಣ ಸ್ಟೂಲಿನ ಮೇಲೆ ಕೂರಿಸಿ, ಚಕ್ರ ತಿರುಗಿಸಿ, ಪ್ಯಾಡು ತಟ್ಟೆಯನ್ನು ಹಿಡಿಯುವುದನ್ನು ತೋರಿಸಿದೆ. ಆಮೇಲೆ ಆದದ್ದನ್ನು ಹೇಳಿದೆ. ಯಾರ ಧಾಟಿಯಲ್ಲೂ ಅಲ್ಲ, ನನ್ನದರಲ್ಲೇ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಮತ್ತ ಎಲ್ಲಿ ಹಚ್ಚಬೇಕಪಾ?" ಎಂದರು. "ಅದನ್ನೂ ತೋರಸು."

ಅಪ್ಪನಂತೆ ಹೆಡ್‌ಲೈಟು, ಟ್ಯಾಂಕು ತೋರಿಸಿದೆ.

ಈಗ ಸಾಲ್ಫರ್ಡಿನಲ್ಲಿ ನನ್ನದೇ ವರ್ಕ್‌ಶಾಪ್ ಇದೆ. ಡ್ರಮ್ಮೋ ಡಿಸ್ಕೋ ಎಂದು ಕೇಳುವವರಿಗೆ ಇಂದಿಗೂ ಡಿಸ್ಕ್ ಎಂದೇ ಹೇಳುತ್ತೇನೆ. ಆದರೆ ಗಾಡಿ ಕೊಡುವ ದಿನ ಮನೆಯವರನ್ನೂ ಕರೆತನ್ನಿ ಎನ್ನುತ್ತೇನೆ. ಓಡಿಸುವವರಿಗೆ ಹೇಳಿದರೆ ನನ್ನ ಅರ್ಧ ಕೆಲಸ ಮುಗಿಯುತ್ತದೆ. ಉಳಿದರ್ಧ ಇರುವುದು ಆ ಗಾಡಿಯನ್ನು ಪ್ರೀತಿಯಿಂದ ಮುಟ್ಟುವವರ ಹತ್ತಿರ.