ಕೋಟೆಯೂರಿನಲ್ಲಿ ಅಕ್ಕ ತಂದು ನಿಲ್ಲಿಸಿದ ಮನುಷ್ಯ

ನಾನು ಸಂಶೋಧನೆಗೆಂದು ನೈಮೆಗನ್ ಎಂಬ ಡಚ್ ಊರಿಗೆ ಬಂದ ಮೂರನೇ ವರ್ಷ, ಮೇ ತಿಂಗಳ ರಜೆಗೆ ಮುಂಚೆ ಅಕ್ಕ ಫೋನ್ ಮಾಡಿದಳು. "ಮಾಲ್ಟಾಗೆ ಹೋಗೋಣ ಕಣೇ, ನಾವಿಬ್ಬರೇ. ಮಕ್ಕಳನ್ನ ನಿಮ್ಮ ಭಾವ ನೋಡ್ಕೋತಾರೆ," ಅಂದಳು. ಅಕ್ಕ ಇರುವುದು ಅದೇ ದೇಶದಲ್ಲಿ, ಬೆಸ್ಟ್ ಎಂಬ ಊರಿನಲ್ಲಿ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ತುಮಕೂರಿನಲ್ಲಿದ್ದಾಗ ಅಮ್ಮ ಬೆಳಗ್ಗೆ ಏಳಕ್ಕೇ ಆಸ್ಪತ್ರೆ ಡ್ಯೂಟಿಗೆ ಹೊರಟುಬಿಡುತ್ತಿದ್ದರು. ನನಗೆ ಜಡೆ ಹಾಕಿ, ಡಬ್ಬಿ ಕಟ್ಟಿ ಶಾಲೆಗೆ ಕಳಿಸುತ್ತಿದ್ದವಳು ಅಕ್ಕನೇ.

ಆಗ ನನ್ನ ಸ್ಥಿತಿ ಚೆನ್ನಾಗಿರಲಿಲ್ಲ. ಎರಡು ವರ್ಷದಿಂದ ನನಗೊಬ್ಬ ಡಚ್ ಗೆಳೆಯನಿದ್ದ. ಮದುವೆಯ ಮಾತೂ ನಮ್ಮೊಳಗೆ ಬಂದುಹೋಗಿತ್ತು. ಈ ವಿಷಯವನ್ನು ಮನೆಯವರಲ್ಲಿ ಅಕ್ಕನಿಗೆ ಮಾತ್ರ ಹೇಳಿದ್ದೆ. ಫೆಬ್ರವರಿಯಲ್ಲಿ ಒಂದು ದಿನ ಅವನಿಂದ ನಾಲ್ಕು ಸಾಲಿನ ಮೆಸೇಜ್ ಬಂತು. ಇದು ಇಲ್ಲಿಗೇ ಮುಗಿಯಲಿ, ನಿನಗೆ ಒಳ್ಳೆಯದಾಗಲಿ ಎಂದಿತ್ತು. ಆಮೇಲೆ ಅವನು ಫೋನ್ ಎತ್ತಲಿಲ್ಲ. ಅವನ ಮನೆಗೆ ಹೋದರೆ, ಅವನ ಜೊತೆ ಬಾಡಿಗೆಗಿದ್ದವನು ಬಾಗಿಲಲ್ಲೇ ನಿಂತು, ಊರಲ್ಲಿಲ್ಲ ಎಂದ. ಅವತ್ತೇ ಬೆಸ್ಟ್‌ಗೆ ಹೋಗಿ ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಅಕ್ಕ ತಲೆ ಸವರುತ್ತಾ, "ಬಿಡು, ಇವರೆಲ್ಲ ಹೀಗೇನೇ," ಅಂದಳು.

ಐಂಡ್‌ಹೋವನ್‌ನಿಂದ ವಿಮಾನ ಹತ್ತಿದೆವು. ಎರಡನೇ ದಿನ ಬೆಳಗ್ಗೆ ಇಮ್ದೀನಾ ಎಂಬ ಗುಡ್ಡದ ಮೇಲಿನ ಕೋಟೆಯೂರಿಗೆ ಹೊರಟಾಗ, ಅಕ್ಕ ನನ್ನ ಜೀನ್ಸ್ ನೋಡಿ, "ಆ ನೀಲಿ ಕುರ್ತಾ ಹಾಕ್ಕೋ, ಫೋಟೋ ಚೆನ್ನಾಗಿ ಬರತ್ತೆ," ಅಂದಳು. ಹಾಕಿಕೊಂಡೆ.

ಬಸ್ಸಿಳಿದು ಕಲ್ಲಿನ ಸೇತುವೆ ದಾಟಿದರೆ ಹೆಬ್ಬಾಗಿಲು. ಕಂದಕದಲ್ಲಿ ನೀರಿಲ್ಲ, ಕಿತ್ತಳೆ ಗಿಡ ನೆಟ್ಟು ತೋಟ ಮಾಡಿದ್ದಾರೆ. ಒಳಗೆ ಹೋಗಿ ಎರಡು ತಿರುವು ದಾಟಿದ ಮೇಲೆ ಹೊರಗಿನ ಸದ್ದು ನಿಂತೇ ಹೋಯಿತು. ಗೋಡೆ, ನೆಲ, ಮೆಟ್ಟಿಲು ಎಲ್ಲವೂ ಒಂದೇ ಬೆಲ್ಲದ ಬಣ್ಣದ ಕಲ್ಲು. ಎರಡೂ ಕೈ ಚಾಚಿದರೆ ಎರಡೂ ಬದಿಯ ಗೋಡೆ ಮುಟ್ಟಬಹುದಾದಷ್ಟು ಕಿರಿದಾದ ಓಣಿಗಳು. ಯಾವ ಓಣಿಯೂ ನೆಟ್ಟಗಿಲ್ಲ. ಮುಚ್ಚಿದ ಬಾಗಿಲುಗಳ ಮೇಲೆ, ಬಾಗಿಲು ತಟ್ಟಲು, ಮೀನಿನಾಕಾರದ ಹಿತ್ತಾಳೆಯ ಹಿಡಿಗಳು. ಒಂದು ಬಿಸಿಲಿನ ಗೋಡೆಗೆ ಅಂಗೈ ಒತ್ತಿ ನಿಂತೆ. ಕಲ್ಲು ಬೆಚ್ಚಗಿತ್ತು. ಮೂರು ತಿಂಗಳಲ್ಲಿ ಮೊದಲ ಸಲ ಅವನ ನೆನಪಿಲ್ಲದೆ ಅರ್ಧ ಗಂಟೆ ಕಳೆದಿದ್ದೆ. ಅಕ್ಕನ ಮೇಲೆ ಪ್ರೀತಿ ಉಕ್ಕಿ ಬಂತು. ಅವಳು ಮಾತ್ರ ಹೆಜ್ಜೆಗೊಮ್ಮೆ ಫೋನ್ ನೋಡುತ್ತಿದ್ದಳು.

ಊರಿನ ಆಚೆ ತುದಿಯಲ್ಲಿ ಕೋಟೆಗೋಡೆಗೆ ಆತುಕೊಂಡು ಒಂದು ಚೌಕವಿದೆ. ಅಲ್ಲಿಂದ ಕೆಳಗೆ ಹೊಲಗಳು, ದೂರದಲ್ಲಿ ಸಮುದ್ರ ಕಾಣುತ್ತದೆ. ಅಲ್ಲಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಒಬ್ಬ ಮನುಷ್ಯ ನಿಂತಿದ್ದ.

"ಅರೆ, ನೀವೇನು ಇಲ್ಲಿ?" ಅಂದಳು ಅಕ್ಕ.

ಅವನು ಉತ್ತರ ಹೇಳುವ ಮೊದಲು ನನ್ನ ಕಡೆ ನೋಡಿದ. ನನಗೆ ಅರ್ಥವಾಯಿತು. ಮೈಸೂರಿನವನು, ಕಾಪೆಲ್ಲೆ ಎಂಬ ಡಚ್ ಊರಿನ ಯಾವುದೋ ಆಫೀಸಿನಲ್ಲಿ ಕೆಲಸ, ಭಾವನ ಪರಿಚಯ ಎಂದು ಅಕ್ಕ ಪಟಪಟನೆ ಹೇಳಿ, "ನೀವಿಬ್ಬರೂ ಗೋಡೆ ಸುತ್ತಿ ಬನ್ನಿ, ನನಗೆ ಕಾಲು ನೋವು. ಇಲ್ಲೇ ಕಾಫಿ ಕುಡೀತಿರ್ತೀನಿ," ಅಂದಳು. ಅಲ್ಲೇ ಜಗಳವಾಡಲು ನನಗೆ ನಾಚಿಕೆಯಾಯಿತು. ಹೋದೆ.

ಅವನು ಕೆಟ್ಟವನಲ್ಲ. ಸ್ವಲ್ಪ ದೂರ ನಡೆದ ಮೇಲೆ ನಿಧಾನವಾಗಿ ಅಂದ: "ನಿಮಗೆ ಮುಜುಗರ ಬೇಡ. ನಿಮ್ಮ ಹಳೇ ವಿಷಯ ಅಕ್ಕ ಮೊದಲೇ ಹೇಳಿದಾರೆ. ನನಗೇನೂ ತೊಂದರೆ ಇಲ್ಲ."

"ಯಾವ ವಿಷಯ?"

"ಅದೇ, ಆ ಡಚ್ ಹುಡುಗನ್ದು. ಅಕ್ಕನೇ ಹೋಗಿ ಮಾತಾಡಿ ಮುಗಿಸಿದರಂತಲ್ಲ. ಊರಲ್ಲಿ ನಿಮಗೆ ನಿಶ್ಚಿತಾರ್ಥ ಆಗಿದೆ ಅಂದ್ರಂತೆ. ಅವನೂ ಡೀಸೆಂಟ್ ಆಗಿ ಸರಿದುಕೊಂಡನಂತೆ."

ನನಗೆಲ್ಲ ಗೊತ್ತಿದೆ ಎಂದುಕೊಂಡೇ ಅವನು ಹೇಳಿದ್ದ. ಅಕ್ಕನನ್ನು ಹೊಗಳುವ ದನಿಯಲ್ಲಿ. ಇನ್ನೊಂದು ಸಲ ಹೇಳಿ ಅಂದೆ. ನನ್ನ ಮುಖ ನೋಡಿ ಅವನು ಚೌಕದ ಕಡೆ ಹೊರಳಿದ.

ವಾಪಸ್ ಬಂದಾಗ ಅಕ್ಕ ಕೇಕ್ ತರಿಸಿ ಮೂರು ಫೋರ್ಕ್ ಇಟ್ಟುಕೊಂಡು ಕೂತಿದ್ದಳು.

"ಅವನ ಹತ್ರ ಹೋಗಿ ಏನು ಹೇಳಿದೆ?" ಎಂದು ಕೇಳಿದೆ.

ಅವಳು ಮೊದಲು ನನ್ನ ಹಿಂದೆ ನಿಂತಿದ್ದವನನ್ನು ನೋಡಿದಳು. "ಕೂತ್ಕೋ. ಜನ ನೋಡ್ತಾರೆ."

ನೋಡುವ ಜನಕ್ಕೆ ಕನ್ನಡ ಬರುತ್ತಿರಲಿಲ್ಲ. "ನಾನು ನಿನ್ನ ಮನೇಲಿ ಅಳ್ತಾ ಬಿದ್ದಿದ್ದಾಗ ನಿನಗೆ ಎಲ್ಲಾ ಗೊತ್ತಿತ್ತು," ಅಂದೆ.

"ಎರಡು ತಿಂಗಳು ಅಳ್ತೀಯ, ಆಮೇಲೆ ನಿಲ್ಲಿಸ್ತೀಯ ಅಂತ್ಲೂ ಗೊತ್ತಿತ್ತು," ಅಂದಳು. "ನಿಲ್ಲಿಸಿದೆಯಲ್ಲ?"

ಆ ಮನುಷ್ಯ ನನ್ನ ಕಡೆ ತಿರುಗಿ ಸಾರಿ ಎಂದಷ್ಟೇ ಹೇಳಿ ಹೊರಟುಹೋದ. ನಾನು ಒಬ್ಬಳೇ ಬಸ್ ಹತ್ತಿದೆ. ಆದರೆ ಹೋಟೆಲ್ ಕೋಣೆ ಒಂದೇ, ವಾಪಸಿನ ಟಿಕೆಟ್ಟೂ ಜೋಡಿ. ಮುಂದಿನ ಎರಡು ದಿನ ಒಂದೇ ಕೋಣೆಯಲ್ಲಿ ಮಾತಿಲ್ಲದೆ ಇದ್ದೆವು. ವಿಮಾನದಲ್ಲಿ ಅಕ್ಕ ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟಳು, ಏನೂ ಆಗಿಲ್ಲ ಎಂಬಂತೆ.

ನೈಮೆಗನ್‌ಗೆ ಬಂದ ಮೇಲೆ ಗೆಳೆಯನಿಗೆ ನಡೆದದ್ದನ್ನೆಲ್ಲ ಬರೆದೆ. ಈ ಸಲ ಅವನು ಬಂದ. ನದಿಯ ದಂಡೆಯ ಬೆಂಚಿನ ಮೇಲೆ ಕೂತೆವು. ನಿನ್ನ ಅಕ್ಕ ನನ್ನ ಕೈ ಹಿಡಿದುಕೊಂಡು ಅತ್ತಳು, ಅದಕ್ಕೇ ನಂಬಿದೆ ಎಂದ.

"ನನ್ನನ್ನ ಒಂದು ಮಾತು ಕೇಳಬಹುದಿತ್ತು," ಅಂದೆ.

"ಕೇಳಿದರೆ ನಿನಗೆ ಕಷ್ಟವಾಗುತ್ತದೆ ಅಂದುಕೊಂಡೆ."

ಎಲ್ಲರಿಗೂ ನನ್ನ ಕಷ್ಟದ್ದೇ ಚಿಂತೆ. ಅಷ್ಟರಲ್ಲಿ ಅವನಿಗೆ ಇನ್ನೊಬ್ಬಳು ಸಿಕ್ಕಿದ್ದಳು. ಅದನ್ನು ಅವನು ತಲೆ ತಗ್ಗಿಸಿ ಹೇಳಿದ. ಅಕ್ಕ ಹೇಳಿದ್ದು ಸುಳ್ಳು, ನಿಜ. ಆದರೆ ಆ ಸುಳ್ಳು ಅವನಿಗೆಷ್ಟು ಅನುಕೂಲವಾಗಿತ್ತು ಎಂಬುದು ಆ ಬೆಂಚಿನ ಮೇಲೆ ನನಗೆ ಹೊಳೆಯಿತು. ಯಾರ ಮೇಲೆ ಹೆಚ್ಚು ಸಿಟ್ಟಾಗಬೇಕೆಂದು ಇವತ್ತಿಗೂ ತೀರ್ಮಾನವಾಗಿಲ್ಲ.

ಓದು ಮುಗಿಯಿತು, ಕೆಲಸವೂ ಇದೇ ಊರಲ್ಲಿ ಸಿಕ್ಕಿತು. ದೀಪಾವಳಿಗೆ ಬೆಸ್ಟ್‌ಗೆ ಹೋಗುತ್ತೇನೆ, ಮಕ್ಕಳಿಗೋಸ್ಕರ. ಅವರು ಡಚ್‌ನಲ್ಲಿ ಹರಟುತ್ತಾರೆ. ಅಕ್ಕ ಹೋಳಿಗೆ ಬಡಿಸುತ್ತಾಳೆ. ಉಪ್ಪು, ಚಳಿ, ರೈಲು ತಡವಾದದ್ದು, ಇಷ್ಟೇ ನಮ್ಮ ಮಾತು. ಅವಳು ಕ್ಷಮೆ ಕೇಳಿಲ್ಲ, ಕೇಳುವಂಥದ್ದೇನೂ ಮಾಡಿಲ್ಲ ಎಂದೇ ನಂಬಿದ್ದಾಳೆ. ಅಮ್ಮನಿಗೆ ನಾನು ಏನನ್ನೂ ಹೇಳಿಲ್ಲ.

ಕಳೆದ ವರ್ಷದಿಂದ ನನ್ನ ಬದುಕಿನಲ್ಲಿ ಒಬ್ಬರಿದ್ದಾರೆ. ಅವರು ಎಲ್ಲಿಯವರು, ಏನು ಮಾಡುತ್ತಾರೆ, ಅಕ್ಕನಿಗೆ ಒಂದೂ ಗೊತ್ತಿಲ್ಲ. ಗೊತ್ತಾಗಲು ಬಿಡುವುದೂ ಇಲ್ಲ.