ಅಂಗಡಿಯಲ್ಲೇ ಉಳಿದ ಹನ್ನೆರಡು ಪ್ರೊಸೆಸರ್‌ಗಳು

2019ರಲ್ಲಿ ನಾನು ಹುಣಸೂರಿನಲ್ಲಿ ಕಂಪ್ಯೂಟರ್ ಮಾರಾಟ ಮತ್ತು ಸರ್ವಿಸ್ ಅಂಗಡಿ ನಡೆಸುತ್ತಿದ್ದೆ. ಅಂಗಡಿ ಇಟ್ಟು ಆಗ ಹದಿನಾಲ್ಕು ವರ್ಷವಾಗಿತ್ತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಮೈಸೂರಿನಲ್ಲಿ ರಿಪೇರಿ ಕೆಲಸ ಕಲಿತು, ಮದುವೆಯಾದ ಮೇಲೆ ಗಂಡನ ಊರಿನಲ್ಲಿ ತೆರೆದ ಅಂಗಡಿ ಅದು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಶಾಲೆಗಳು, ಸಹಕಾರ ಸಂಘಗಳು, ಫೋಟೋ ಸ್ಟುಡಿಯೋಗಳೇ ನನ್ನ ಗಿರಾಕಿಗಳು. ಬಿಡಿಭಾಗಗಳನ್ನು ತರಿಸಿ ನಾನೇ ಜೋಡಿಸಿ ಕೊಡುತ್ತಿದ್ದೆ.

ಕಂಪ್ಯೂಟರಿನ ಲೆಕ್ಕಾಚಾರವೆಲ್ಲ ನಡೆಯುವುದು ಪ್ರೊಸೆಸರ್ ಎಂಬ ಸಣ್ಣ ಚಿಪ್‌ನಲ್ಲಿ. ನಾನು ಮಾರುತ್ತಿದ್ದ ಕಂಪ್ಯೂಟರ್‌ಗಳಿಗೆ ಅದನ್ನು ತಯಾರಿಸುತ್ತಿದ್ದದ್ದು ಎರಡು ಕಂಪನಿಗಳು. ಮೊದಲನೆಯದರ ಹೆಸರು ಹಳ್ಳಿಹಳ್ಳಿಗೂ ಗೊತ್ತು. ಅದರ ಚೀಟಿ ಅಂಟಿಸಿದ್ದರೆ ಗಿರಾಕಿ ಬೇರೇನೂ ಕೇಳುತ್ತಿರಲಿಲ್ಲ. ಎರಡನೆಯದು ಬಹಳ ಕಾಲ ಹಿಂದೆ ಬಿದ್ದಿತ್ತು. ಆದರೆ ಆಗಷ್ಟೇ ಹೊಸ ವಿನ್ಯಾಸ ತಂದು, ಅದೇ ಬೆಲೆಗೆ ಹೆಚ್ಚು ಕೋರ್‌ಗಳನ್ನು ಕೊಡತೊಡಗಿತ್ತು. ಕೋರ್ ಎಂದರೆ ಚಿಪ್‌ನೊಳಗಿನ ಕೆಲಸಗಾರ ಎಂದುಕೊಳ್ಳಿ. ಒಬ್ಬರು ಬೆಲೆ ಇಳಿಸಿದರೆ ಇನ್ನೊಬ್ಬರು ಕೋರ್ ಹೆಚ್ಚಿಸುತ್ತಿದ್ದರು. ಈ ಪೈಪೋಟಿಯಲ್ಲಿ ಗಿರಾಕಿಗೆ ಖುಷಿ. ಹಿಂದಿನ ಬೆಲೆಗೆ ಮಾಲು ತುಂಬಿಕೊಂಡಿದ್ದ ನನ್ನಂಥವರಿಗೆ ಎದೆಬಡಿತ.

ಆ ವರ್ಷ ಎಚ್.ಡಿ. ಕೋಟೆಯ ಕಾಡಂಚಿನ ಒಂದು ಶಾಲೆಯಿಂದ ಹನ್ನೆರಡು ಕಂಪ್ಯೂಟರ್‌ಗಳಿಗೆ ಆರ್ಡರ್ ಬಂತು. ಹಣ ಕೊಡುವವರು ಶಾಲೆಯ ಹಳೆಯ ವಿದ್ಯಾರ್ಥಿಗಳು. ಮೊದಲನೇ ಕಂಪನಿಯದೇ ಪ್ರೊಸೆಸರ್ ಆಗಬೇಕು, ವೇಗ 3.7 ಗಿಗಾಹರ್ಟ್ಸ್‌ಗೆ ಕಡಿಮೆ ಇರಬಾರದು ಎಂದು ಮುಖ್ಯೋಪಾಧ್ಯಾಯರು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಅಂಥ ಎರಡು ಕೋರ್‌ನ ಹನ್ನೆರಡು ಪ್ರೊಸೆಸರ್‌ಗಳು ಐದು ತಿಂಗಳಿಂದ ನನ್ನ ಬೀರುವಿನಲ್ಲಿದ್ದವು. ದೇವರೇ ಕಳಿಸಿದ ಆರ್ಡರ್ ಎನಿಸಿತು. ಏಕೆಂದರೆ ಅದೇ ವಾರ ಮೈಸೂರಿನ ಸಗಟು ವ್ಯಾಪಾರಿ ಫೋನ್ ಮಾಡಿ, "ಪ್ರಭಾ ಮೇಡಂ, ಎರಡನೇ ಕಂಪನಿಯ ನಾಲ್ಕು ಕೋರ್ ಚಿಪ್ ಹೆಚ್ಚುಕಮ್ಮಿ ಅದೇ ರೇಟಿಗೆ ಬಂದಿದೆ. ಹಳೇದಿದ್ರೆ ಬೇಗ ಖಾಲಿ ಮಾಡ್ಕೊಳಿ" ಎಂದಿದ್ದರು. ನೋಡೋಣವೆಂದು ಹೊಸದರಲ್ಲಿ ಒಂದನ್ನು ತರಿಸಿ, ಅಂಗಡಿಯಲ್ಲಿ ಒಂದು ಯಂತ್ರಕ್ಕೆ ಕೂರಿಸಿಟ್ಟಿದ್ದೆ. ಶಾಲೆಗೆ ಮಾತ್ರ ಆ ವಿಷಯ ತಿಳಿಸಲಿಲ್ಲ. ಪತ್ರದಲ್ಲಿ ಕೇಳಿದ್ದನ್ನೇ ಕೊಡುತ್ತಿದ್ದೇನೆ, ಇದರಲ್ಲಿ ಮೋಸವೇನು ಎಂದು ಸಮಾಧಾನ ಹೇಳಿಕೊಂಡೆ.

ಮಾಲು ಕಳಿಸುವ ಮುನ್ನ ಪರೀಕ್ಷಿಸಲು ಶಾಲೆಯ ಕಂಪ್ಯೂಟರ್ ಶಿಕ್ಷಕಿ ಶೈಲಾ ಬಂದಳು. ಇಪ್ಪತ್ತನಾಲ್ಕು, ಇಪ್ಪತ್ತೈದರ ಹುಡುಗಿ. ಜೇನುಕುರುಬ ಬುಡಕಟ್ಟಿನವರ ಹಾಡಿಯಲ್ಲಿ, ಅಂದರೆ ಕಾಡಂಚಿನ ಅವರ ಪುಟ್ಟ ಕೇರಿಯಲ್ಲಿ ಹುಟ್ಟಿ, ಹಾಸ್ಟೆಲಿನಲ್ಲಿದ್ದು ಡಿಪ್ಲೊಮಾ ಮುಗಿಸಿದವಳು. ಎರಡು ಬಸ್ ಬದಲಿಸಿ ಬಂದಿದ್ದ ಅವಳು ನೀರು ಕುಡಿದು, ಬ್ಯಾಗಿನಿಂದ ಒಂದು ಪೆನ್‌ಡ್ರೈವ್ ತೆಗೆದಳು.

"ಅಕ್ಕ, ಮಕ್ಕಳು ಹಾಡಿಯ ಅಜ್ಜಿಯರ ಮಾತನ್ನ ವಿಡಿಯೋ ಮಾಡ್ತವ್ರೆ. ಯಾವ ಸೊಪ್ಪು ಯಾವ ನೋವಿಗೆ, ಯಾವ ಮರದಲ್ಲಿ ಜೇನು ಕಟ್ತದೆ, ಅಂಥದ್ದೆಲ್ಲ. ಅದನ್ನ ಜೋಡಿಸೋ ಕೆಲಸನೇ ಜಾಸ್ತಿ. ಒಂದ್ಸಲ ಇಲ್ಲೇ ಹಾಕಿ ನೋಡ್ಲಾ?"

ಬೇಡವೆನ್ನಲು ಕಾರಣವಿರಲಿಲ್ಲ. ಶಾಲೆಗೆಂದು ಜೋಡಿಸಿದ್ದ ಯಂತ್ರದಲ್ಲಿ ಆ ವಿಡಿಯೋ ತುಣುಕುಗಳನ್ನು ಸೇರಿಸಿ ಒಂದೇ ಫೈಲ್ ಮಾಡಲು ಹನ್ನೊಂದು ನಿಮಿಷ ಹಿಡಿಯಿತು. ಕಾಯುತ್ತಾ ಕೂತ ಶೈಲಾಳ ಕಣ್ಣು ಪಕ್ಕದ ಮೇಜಿನ ಹೊಸ ಯಂತ್ರದ ಮೇಲೆ ಬಿತ್ತು. ಅದರಲ್ಲೂ ಒಮ್ಮೆ ನೋಡುತ್ತೇನೆಂದಳು. ಅಲ್ಲಿ ಏಳೇ ನಿಮಿಷ. ಅವಳು ಎರಡೂ ಚಿಪ್‌ಗಳ ಪೆಟ್ಟಿಗೆಯ ಮೇಲಿದ್ದ ಸಂಖ್ಯೆಗಳನ್ನೂ ಓದಿದಳು.

"ಇದ್ರ ಗಿಗಾಹರ್ಟ್ಸ್ ಕಮ್ಮಿ ಐತಲ್ಲಕ್ಕ. ಆದ್ರೂ ಬಿರ್ನೆ ಮುಗುಸ್ತು?"

ಗಿಗಾಹರ್ಟ್ಸ್ ಒಬ್ಬೊಬ್ಬ ಕೆಲಸಗಾರನ ಕೈಚಳಕ, ಇದರಲ್ಲಿ ಕೆಲಸಗಾರರು ನಾಲ್ವರು ಎಂದು ವಿವರಿಸಿದೆ. ಅವಳಿಗೆ ಥಟ್ಟನೆ ಹೊಳೆಯಿತು. "ನಮ್ಮವ್ವ ಹೊಗೆಸೊಪ್ಪು ಕಟ್ಟೋಕೆ ಕೂಲಿಗೆ ಬತ್ತಿದ್ಲು. ಇಬ್ರು ಎಷ್ಟು ಬಿರ್ನೆ ಕಟ್ಟಿದ್ರೂ ನಾಕ್ ಜನದ ಸಮಕ್ಕೆ ಬರಾಕಿಲ್ಲ. ಅಂಗೇ ಅಲ್ವಾ?" ನಾನು ಇಷ್ಟು ವರ್ಷ ಗಿರಾಕಿಗಳಿಗೆ ತಿಳಿಸಲು ತಿಣುಕಾಡಿದ್ದನ್ನು ಅವಳು ಎರಡು ಮಾತಿನಲ್ಲಿ ಮುಗಿಸಿದ್ದಳು. ಬರೀ ಪತ್ರ ಟೈಪ್ ಮಾಡುವುದಾದರೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ, ಹಂಚಿ ಮಾಡಬಹುದಾದ ಕೆಲಸದಲ್ಲಿ ಮಾತ್ರ ನಾಲ್ಕು ಕೋರ್ ಗೆಲ್ಲುತ್ತದೆ ಎಂಬುದನ್ನೂ ಹೇಳಿದೆ.

ಅವಳು ಶಾಲೆಯ ಯಂತ್ರದ ಕಡೆ ತಿರುಗಿ ಕೇಳಿದಳು: "ಈ ಹನ್ನೆರಡನ್ನ ಯಾವಾಗ ತರ್ಸಿದ್ರಿ ಅಕ್ಕ?"

ಹೋದ ವಾರ ಎಂದಿದ್ದರೂ ನಡೆಯುತ್ತಿತ್ತು. ಬಾಯಿಗೆ ಬಂದದ್ದೂ ಅದೇ. ಆದರೂ "ಐದು ತಿಂಗಳಾಯ್ತು" ಎಂದೆ.

"ಇವತ್ತು ತರ್ಸೋದಾದ್ರೆ ಇದ್ನೇ ತರುಸ್ತಿದ್ರಾ?"

"ಇಲ್ಲ."

ಅವಳ ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಸದ್ಯ, ಹೇಳುದ್ರಲ್ಲ" ಎಂದಳು, ಅಷ್ಟೇ. ಆಮೇಲೆ ಅವಳೇ ದಾರಿ ಹುಡುಕಿದಳು. ಪತ್ರದಲ್ಲಿ ಒಂದು ಬರೆದು ಇನ್ನೊಂದು ತರಿಸಿದರೆ ಕಮಿಷನ್ ತಿಂದಳೆಂದು ತನ್ನ ಮೇಲೇ ಅನುಮಾನ ಬರುತ್ತದೆ, ಹಾಡಿಯಿಂದ ಬಂದವಳೆಂದು ಒಂದು ಮಾತು ಹೆಚ್ಚೇ ಆಡುತ್ತಾರೆ. ಆದ್ದರಿಂದ ಎರಡು ಯಂತ್ರಗಳನ್ನೂ ಶಾಲೆಗೆ ತಂದು, ಮುಖ್ಯೋಪಾಧ್ಯಾಯರೂ ಹಣ ಕೊಡುವವರೂ ಸೇರಿದ ಸಭೆಯ ಮುಂದೆಯೇ ತೋರಿಸಬೇಕು ಎಂದಳು. ತಪ್ಪು ನನ್ನದು. ಆದರೆ ಕೆಲಸ ಕಳೆದುಕೊಳ್ಳುವ ಅಪಾಯ ಅವಳದು.

ಮುಂದಿನ ಶನಿವಾರ ಬೆಳಿಗ್ಗೆ ಎರಡನ್ನೂ ಓಮ್ನಿಯ ಹಿಂದಿನ ಸೀಟಿನಲ್ಲಿ ಹೊದಿಕೆ ಸುತ್ತಿ ಒಯ್ದೆ. ಸಭೆಯಲ್ಲಿ ಎಂಟು ಹತ್ತು ಜನರಿದ್ದರು. ಹಳೆಯ ವಿದ್ಯಾರ್ಥಿಗಳ ಪರವಾಗಿ ನಂಜೇಗೌಡರು ಬಂದಿದ್ದರು. ನೀರಾವರಿ ಜಮೀನಿನ ಗಟ್ಟಿ ಬೇಸಾಯಗಾರ, ಮಾತು ಕಡಿಮೆ.

"ಕಾಗದದಲ್ಲಿ ಬರ್ದಿರೋದು ಒಂದು, ಇವ್ರು ಕೊಡೋದು ಒಂದಾ ಮೇಷ್ಟ್ರೇ?" ಎಂದು ಅವರು ಕೇಳಿದಾಗ ಮುಖ್ಯೋಪಾಧ್ಯಾಯರು ಶೈಲಾಳ ಕಡೆ ನೋಡಿದರು. ಅವಳು ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತೆ. ಹಳೆಯ ಮಾಲು ನನ್ನಲ್ಲಿತ್ತು, ಅದನ್ನೇ ಸಾಗಿಸಲು ಹೊರಟಿದ್ದೆ, ಈ ಶಿಕ್ಷಕಿ ಪರೀಕ್ಷೆ ಮಾಡಿ ಕಂಡುಹಿಡಿದರು ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದೆ.

ಆಮೇಲೆ ಎರಡೂ ಯಂತ್ರಗಳಲ್ಲಿ ಒಟ್ಟಿಗೇ ಕೆಲಸ ಶುರು ಮಾಡಿಸಿದೆವು. ಗೌಡರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡರು. ಏಳು ನಿಮಿಷಕ್ಕೆ ಹೊಸ ಯಂತ್ರದಲ್ಲಿ ಒಬ್ಬ ಅಜ್ಜಿಯ ಮುಖ ಮೂಡಿ, ಅವರು ನಗುತ್ತಾ ಯಾವುದೋ ಬೇರಿನ ಗುಣ ಹೇಳತೊಡಗಿದರು. ಹಳೆಯದರಲ್ಲಿ ಕೆಲಸ ಎಷ್ಟಾಯಿತೆಂದು ತೋರಿಸುವ ಹಸಿರು ಪಟ್ಟಿ ಇನ್ನೂ ತೆವಳುತ್ತಿತ್ತು.

ಗೌಡರು ನನ್ನತ್ತ ತಿರುಗಿದರು. "ಅಲ್ಲ ಕಣವ್ವ, ಆ ಹನ್ನೆರಡು ನಿನ್ ತಲೆಮ್ಯಾಲೇ ಉಳ್ಕತದಲ್ಲ?"

"ಉಳ್ಕೊಳ್ತವೆ ಗೌಡ್ರೆ. ಅದು ನನ್ನ ಪಾಡು."

ಅವರು ಗಡಿಯಾರ ಕಟ್ಟಿಕೊಂಡರು. "ಎತ್ತು ತರೋವಾಗ ನಡೆ ನೋಡಿ ತತ್ತೀವಿ, ಹೆಸರು ಕೇಳಿ ತರಾಕಿಲ್ಲ. ಕಾಗದ ತಿದ್ದಿ ಮೇಷ್ಟ್ರೇ." ಹಾಗೆಂದವರು ಶೈಲಾಳಿಗೆ ಕೈಮುಗಿದು, "ನೀನು ಸರಿಯಾಗಿ ನೋಡ್ದೆ ಕಣವ್ವ" ಎಂದರು.

ಹೊಸ ಹನ್ನೆರಡು ಯಂತ್ರಗಳು ಶಾಲೆ ಸೇರಿದವು. ಉಳಿದುಹೋದ ಪ್ರೊಸೆಸರ್‌ಗಳ ಬೆಲೆ ಎರಡೇ ತಿಂಗಳಲ್ಲಿ ಇನ್ನಷ್ಟು ಬಿತ್ತು. ಬಿಲ್ ಹಾಕಲು, ಪತ್ರ ಬರೆಯಲು ಮಾತ್ರ ಕಂಪ್ಯೂಟರ್ ಬೇಕಿದ್ದ ಬಿಳಿಕೆರೆ, ಸಾಲಿಗ್ರಾಮದ ಅಂಗಡಿಗಳಿಗೆ ವಿಷಯ ತಿಳಿಸಿಯೇ, ಅಂದಿನ ಬೆಲೆಗೆ ಒಂದೊಂದಾಗಿ ಮಾರಿದೆ. ನಷ್ಟವಾಯಿತು. ಅಂಗಡಿಯೇನೂ ಮುಳುಗಲಿಲ್ಲ.

ಮರುವರ್ಷ ಲಾಕ್‌ಡೌನ್ ಬಂತು, ಶಾಲೆಗೆ ಬೀಗ ಬಿತ್ತು. ಹಾಡಿಗಳಲ್ಲಿ ನೆಟ್‌ವರ್ಕ್ ಸಿಗದು, ಆನ್‌ಲೈನ್ ಪಾಠ ದೂರದ ಮಾತು. ಶೈಲಾ ಅನುಮತಿ ಪಡೆದು ಎರಡು ಯಂತ್ರಗಳನ್ನು ಪಂಚಾಯಿತಿಯ ಕೊಠಡಿಗೆ ಸಾಗಿಸಿ, ಮಕ್ಕಳಿಗೆ ಅವರ ಮಾತಿನಲ್ಲೇ ಪಾಠದ ವಿಡಿಯೋ ಮಾಡಿದಳು. ಮೆಮೊರಿ ಕಾರ್ಡುಗಳಿಗೆ ತುಂಬಿ, ಹಾಡಿಯಿಂದ ಹಾಡಿಗೆ ನಡೆದು ಹಂಚಿದಳು. ಒಂದು ದಿನ ಫೋನ್ ಮಾಡಿ, "ಅಕ್ಕ, ದಿನಕ್ಕೆ ನಾಕ್ ಪಾಠ ಆಯ್ತಾವೆ ಕಣಕ್ಕ. ಆ ಹಳೇದ್ರಲ್ಲಿ ಎರಡಾಗಿದ್ರೆ ಹೆಚ್ಚು" ಎಂದಳು. ನಾನು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಒಬ್ಬಳೇ ಕೂತು ಅತ್ತೆ.

ಕಂಪನಿಗಳ ಪೈಪೋಟಿಯಿಂದ ಜನಕ್ಕೆ ಲಾಭ ಎನ್ನುತ್ತಾರೆ. ನಿಜವೇ. ಆದರೆ ಆ ಲಾಭ ಕಾಡಂಚಿನ ಶಾಲೆಯನ್ನು ಮುಟ್ಟಬೇಕಾದರೆ ನನ್ನಂಥವರ ಮೇಜಿನ ಮೇಲೆ ಹಾದುಹೋಗಬೇಕು. ಅದನ್ನು ಅಲ್ಲೇ ತಡೆದಿಟ್ಟುಕೊಳ್ಳುವುದು ಬಹಳ ಸುಲಭ, ಯಾರಿಗೂ ತಿಳಿಯುವುದಿಲ್ಲ. ಅದು ಮುಂದಕ್ಕೆ ದಾಟುವಂತೆ ನೋಡಿಕೊಳ್ಳುವುದೂ ನನ್ನ ಕಸುಬಿನ ಭಾಗವೆಂದು ನನಗೆ ತಿಳಿದದ್ದು ಶೈಲಾಳಿಂದ. ವಯಸ್ಸಿನಲ್ಲಿ ಅವಳು ನನಗಿಂತ ಹದಿನೈದು ವರ್ಷ ಚಿಕ್ಕವಳು. ಗುರುವೆಂದರೆ ನಾಚಿಕೊಳ್ಳುತ್ತಾಳೆ, ಆದರೂ ನಾನು ಹಾಗೆಯೇ ಕರೆಯುತ್ತೇನೆ.